ಚುರುಕು ಕಿವಿಯ ಶಿಬಿರ

ತನ್ನ ಮೊದಲ ಭಾಷಣ ಭರ್ಜರಿ ಯಶಸ್ಸು ಕಂಡಿತು ಎಂದು ಎರಡು ದಿನ ನಂಬಿದ್ದವನು ಮಿಲಿಂದನೊಬ್ಬನೇ. ಇಳಕಲ್ಲಿನ ಪವರ್‌ಲೂಮ್ ಶೆಡ್ಡಿನಲ್ಲಿ ಹದಿನಾರು ಮಗ್ಗ ಓಡುತ್ತಿರುವಾಗಲೇ ನಿಂತು, ಸದ್ದಿನಿಂದ ಕಿವಿ ಹೇಗೆ ಕೆಡುತ್ತದೆಂದು ಅರ್ಧ ಗಂಟೆ ವಿವರಿಸಿದ್ದ. ಎಲ್ಲರೂ ತಲೆಯಾಡಿಸಿದ್ದರು. ಒಬ್ಬರಂತೂ ಹೆಬ್ಬೆರಳನ್ನು ಬಾಯಿಯ ಹತ್ತಿರ ತಂದು ಹುಬ್ಬೇರಿಸಿದ್ದರು. ಅದನ್ನು ಬೆರಗೆಂದು ತಿಳಿದು ವರದಿಯಲ್ಲೂ ಬರೆದ. ಅವರು ಸನ್ನೆಯಲ್ಲಿ ಕೇಳಿದ್ದು ‘ಚಾ ಕುಡಿತೀಯೇನು’ ಎಂದು.

“ನಿನ್ನ ಮಾತು ಒಂದೂ ಕೇಳಸಲಿಲ್ಲೋ ತಮ್ಮಾ. ಬಾಯಿ ಮಾತ್ರ ಭಾಳ ಚಂದ ಆಡತಿತ್ತು” ಎಂದು ತಿಳಿಸಿದವರು ಕಾಳವ್ವ.

ಕಾಳವ್ವ ಇಪ್ಪತ್ತೆರಡು ವರ್ಷದಿಂದ ಅದೇ ಶೆಡ್ಡಿನಲ್ಲಿ ಸೀರೆ ನೇಯುವವರು. ಎಡಗಿವಿ ಎಂದೋ ಹೋಗಿದೆ. ಅದರ ಬಗ್ಗೆ ಅವರಿಗೆ ಗುಟ್ಟೂ ಇಲ್ಲ, ಗೋಳೂ ಇಲ್ಲ. ಚಿಂತೆಯೆಲ್ಲ ಮಗಳು ಪ್ರೀತಿಯದು. ಎರಡು ವರ್ಷದಿಂದ ಪಕ್ಕದ ಮಗ್ಗದಲ್ಲಿರುವ ಹುಡುಗಿ ಈಚೆಗೆ ಮೊಬೈಲನ್ನು ಬಲಗಿವಿಗೆ ಹಿಡಿಯುವುದನ್ನೇ ಬಿಟ್ಟಿದ್ದಳು.

ಬಾಗಲಕೋಟೆಯ ಸಂಸ್ಥೆಯೊಂದರ ಗುತ್ತಿಗೆ ನೌಕರನಾದ ಮಿಲಿಂದ, ಕಿವಿ ಪರೀಕ್ಷೆಯ ಯಂತ್ರವನ್ನೂ ಅದನ್ನು ನಡೆಸುವ ಫರಹಾನಾಳನ್ನೂ ಎರಡು ದಿನಕ್ಕೆಂದು ಕರೆತಂದಿದ್ದ. ಶೆಡ್ಡಿನ ಪಕ್ಕದ ಕೋಣೆಯ ಮುಂದೆ ‘ವೃತ್ತಿಜನ್ಯ ಶ್ರವಣದೋಷ ತಪಾಸಣಾ ಶಿಬಿರ’ ಎಂಬ ಬ್ಯಾನರ್. ಕೆಳಗೆ ಕೆಂಪು ಗೀಟು ಎಳೆದ ದೊಡ್ಡ ಕಿವಿ. ವಿನ್ಯಾಸ ಅವನದೇ, ಹೆಮ್ಮೆಯೂ ಅವನದೇ. ಮೊದಲ ದಿನ ಬಂದವರು ಇಬ್ಬರು. ಅವರಲ್ಲೊಬ್ಬರು ಮೊಬೈಲ್ ಚಾರ್ಜಿಗೆ ಹಾಕಲು ಬಂದಿದ್ದರು.

“ಆ ಬ್ಯಾನರ್ ಕೆಳಗ ನಾ ಕುಂಡ್ರಂಗಿಲ್ಲವ್ವಾ! ಶುಕ್ರವಾರ ಹುನಗುಂದದವರು ನನ್ನ ನೋಡಾಕ ಬರತಾರ” ಎಂದು ಪ್ರೀತಿ ಕಡ್ಡಿ ಮುರಿದಂತೆ ಹೇಳಿದಳು.

ಮರುದಿನ ಸಂಜೆ ಯಂತ್ರ ವಾಪಸು ಹೋಗಬೇಕು. ಬೆಳಿಗ್ಗೆ ಕಾಳವ್ವ ಬ್ಯಾನರ್ ಬಿಚ್ಚಿ ಮಡಚಿ ಮಿಲಿಂದನ ಕಂಕುಳಿಗೆ ತುರುಕಿದರು. ರಟ್ಟಿನ ಮೇಲೆ ಸುಣ್ಣದಲ್ಲಿ ಬರೆದು ತೂಗುಹಾಕಿದರು: ‘ನೂಲು ಹರದ ಸಪ್ಪಳ ಯಾರ ಕಿವಿಗೆ ಮೊದಲ? ಬರ್ರಿ, ನೋಡೂಣು.’

ನೇಕಾರರ ಅಭಿಮಾನವಿರುವುದೇ ಅಲ್ಲಿ. ಲಾಳಿಯ ನೂಲು ಹರಿದರೆ ಮಗ್ಗದ ತಾಳ ತುಸು ಬದಲಾಗುತ್ತದೆ; ಅದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯಬೇಕು. ಸದ್ದು ತಗ್ಗಿಸಲೆಂದು ಮಿಲಿಂದ ತಂದಿದ್ದ ಬಿರಡೆ ಕಿವಿಗೆ ಬೇಡವೆಂದು ಅವರೆಲ್ಲ ಹಟ ಹಿಡಿದದ್ದೂ ಇದೇ ಕಾರಣಕ್ಕೆ.

ಹಿರಿಯ ಗೌಸಸಾಬ ಮೀಸೆ ತಿರುವುತ್ತ ಬಂದ. “ನನ್ನ ಕಿವಿ ಬೆಕ್ಕಿನ ಕಿವಿ. ಎಲ್ಲಿ ಕುಂಡ್ರಲಿ?”

“ಮೊದಲ ಇದನ್ನ ಹಾಕ್ಕೊ” ಎಂದು ಕಾಳವ್ವ ಬಿರಡೆ ಕೊಟ್ಟರು. “ಮಗ್ಗಕ್ಕ ಬೆನ್ನ ಮಾಡಿ ನಿಂದರು. ಬೆಕ್ಕೋ ಬೊಗಳೆಯೋ ತಿಳೀಲಿ.”

ಹಾಕಿಕೊಂಡ. ಶೆಡ್ಡಿನ ಆ ಅಬ್ಬರದಲ್ಲಿ ಕಾಳವ್ವ ಹಿಂದಿನಿಂದ ಒಂದು ಲಾಳಿಯ ನೂಲು ಕತ್ತರಿಸಿದರು. ಗೌಸಸಾಬನ ಕೈ ಥಟ್ಟನೆ ಮೇಲೆದ್ದಿತು. ಪಕ್ಕದಲ್ಲಿ ಬಿರಡೆ ಇಲ್ಲದೆ ಹಾಗೆಯೇ ಬೆನ್ನು ಮಾಡಿ ನಿಂತಿದ್ದ ಮೂವರು ನೇಕಾರರು ಇನ್ನೂ ಮುಖ ಮುಖ ನೋಡುತ್ತಿದ್ದರು.

“ಆರ್ಭಟ ಅಷ್ಟ ಕಡಿಮಿ ಆತು, ಮಗ್ಗದ ಮಾತು ನಿಚ್ಚಳ ಕೇಳಸತೈತಿ!” ಎಂದು ಅವನು ಕೂಗಿದ ಮೇಲೆ ಅಕ್ಕಪಕ್ಕದ ಶೆಡ್ಡಿನವರೂ ಸೇರಿ ಕೋಣೆಯ ಮುಂದೆ ಸಾಲು ಹತ್ತಿತು. ಒಳಗೆ ಬಂದ ಒಬ್ಬೊಬ್ಬರಿಗೂ ಕಾಳವ್ವ ತಮ್ಮ ಎಡಗಿವಿಯ ಕಥೆಯನ್ನು ಮುಚ್ಚುಮರೆಯಿಲ್ಲದೆ ಹೇಳಿಯೇ ಯಂತ್ರದ ಮುಂದೆ ಕೂರಿಸಿದರು. ಮಿಲಿಂದನ ಅರ್ಧ ಗಂಟೆಯ ಭಾಷಣ ಅಲ್ಲಿ ಎರಡು ವಾಕ್ಯಕ್ಕೆ ಮುಗಿಯುತ್ತಿತ್ತು. ಅವನಿಗೆ ಉಳಿದ ಕೆಲಸ ಹೆಸರು ಬರೆಯುವುದು.

ನಲವತ್ತೊಂದನೆಯ ಹೆಸರು ಪ್ರೀತಿ. ತಾನೂ ಪಂಥ ಗೆಲ್ಲುತ್ತೇನೆಂದೇ ಬಂದಿದ್ದಳು.

ಫರಹಾನಾ ಕಾಗದ ಮುಂದಿಟ್ಟಳು. “ಬಲಗಿವಿ ಒಂದೀಟು ಕಡಿಮಿ ಆಗೇದ. ಈಗಿಂದ ಬಿರಡಿ ಹಾಕ್ಕೊಂಡ್ರ ಇಷ್ಟಕ್ಕ ನಿಲ್ತದ.”

ಪ್ರೀತಿಯ ಮುಖ ಕ್ಷಣ ಬಾಡಿತು. ಬಿರಡೆ ಎತ್ತಿಕೊಂಡು ನೇರ ಮಗ್ಗಕ್ಕೆ ಹೋದಳು. ಕಾಳವ್ವ ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತರು. ಮಗಳ ಕಿವಿಯಲ್ಲಿ ಕಿತ್ತಳೆ ಬಣ್ಣದ ಬಿರಡೆ, ಅತ್ತಿತ್ತ ಸಾಲಾಗಿ ಇನ್ನೂ ಹತ್ತಾರು. ಯುದ್ಧ ಗೆದ್ದವರ ಹಾಗೆ ಅವರು ಸೆರಗು ಬಿಗಿದರು.

ಮಿಲಿಂದ ಕೇಳಬಾರದಿತ್ತು, ಕೇಳಿಬಿಟ್ಟ. “ಕಾಳವ್ವಾರ, ಶುಕ್ರವಾರ ಹುನಗುಂದದವರು ಹುಡುಗಿ ಕಿವಿ ಹೆಂಗದ ಅಂತ ಕೇಳಿದ್ರ ಏನ್ ಹೇಳ್ತೀರಿ?”

“ಇದ್ದದ್ದ ಹೇಳತೇನಿ. ಆಮ್ಯಾಲ ಅವರ ಹುಡುಗನ ಕಿವಿನೂ ಯಂತ್ರಕ್ಕ ಹಚ್ಚಿ ಕಾಗದ ತರ್ರಿ ಅಂತೇನಿ.”