ಬಿಸಿನೀರಿನಲ್ಲಿ ಬರುತ್ತಿದ್ದವಳು

ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕೈಕೆಳಗೆ ಬೆಳೆದವಳು ನಾನು. ಕಣ್ಣಿಗೆ ಕಾಣದ್ದರ ಬಗ್ಗೆ ಯಾರಾದರೂ ಹೇಳಿದರೆ ಮರ್ಯಾದೆಗೆ ಕೇಳಿಸಿಕೊಳ್ಳುತ್ತಿದ್ದೆನೇ ಹೊರತು ನಂಬುತ್ತಿರಲಿಲ್ಲ. ಈಗಲೂ ನಂಬುತ್ತೇನೆ ಎನ್ನಲಾರೆ. ನಡೆದದ್ದನ್ನಷ್ಟೇ ಹೇಳುತ್ತೇನೆ.

ತೊಂಬತ್ತರ ದಶಕದ ಕೊನೆ. ಮದುವೆಯಾಗಿ ಹೊಸ ತಿಪ್ಪಸಂದ್ರದ ಮನೆಗೆ ಬಂದು ವರ್ಷ ತುಂಬಿರಲಿಲ್ಲ. ಒಂದು ಶುಕ್ರವಾರ ಬೆಳಿಗ್ಗೆ ತಲೆಗೆ ಸ್ನಾನ ಮಾಡುತ್ತಿದ್ದೆ. ನೀರು ಚೆನ್ನಾಗಿ ಕಾದಿತ್ತು. ಕೆಲವು ಚೊಂಬು ಸುರಿದುಕೊಳ್ಳುವಷ್ಟರಲ್ಲಿ ಎಂಥದೋ ಸುಖ ಹತ್ತಿಕೊಂಡಿತು. ನೀರು ಸುರಿಯುವ ಕೈ ನಿಲ್ಲಲೇ ಇಲ್ಲ. ಬೆನ್ನ ಹಿಂದೆ ಯಾರೋ ಹೆಂಗಸು ನಿಂತಿದ್ದಾಳೆ ಅನ್ನಿಸಿತು. ಹೆದರಿಕೆಯಾಗಲಿಲ್ಲ. ಆಮೇಲೆ ಎಚ್ಚರವಾದದ್ದು ಹಾಲ್‌ನ ಚಾಪೆಯ ಮೇಲೆ. ನನ್ನ ಗಂಡ ಚಿಲಕ ಮುರಿದು ಬಾಗಿಲು ತೆಗೆದಿದ್ದರು. ಅತ್ತೆ ನನ್ನ ಕೂದಲು ಒರೆಸುತ್ತಿದ್ದರು.

ಮುಂದಿನ ವಾರವೂ ಹಾಗೇ ಆದಾಗ ಮೂವರೂ ನರರೋಗದ ಡಾಕ್ಟರ ಬಳಿಗೆ ಹೋದೆವು. ನೀರಿನ ವಿಷಯ ಹೇಳಿದೆ, ಹೆಂಗಸಿನ ವಿಷಯ ಹೇಳಲಿಲ್ಲ. ಅವರು ಮೊದಲು ಕೇಳಿದ್ದು, “ನಿಮ್ಮೂರು ಯಾವುದಮ್ಮ?”

“ಪುಲಿಕೇಶಿನಗರ.”

“ಅದು ಏರಿಯಾ. ಅದಕ್ಕಿಂತ ಮುಂಚೆ?”

ತಾತ ವೆಲ್ಲೂರಿನಿಂದ ಬಂದವರು ಎಂದೆ. ಡಾಕ್ಟರು ಪೆನ್ನು ಕೆಳಗಿಟ್ಟರು. ಬಿಸಿನೀರಿನಿಂದ ಬರುವ ಫಿಟ್ಸ್ ಬೇರೆಡೆ ಬಲು ಅಪರೂಪ, ತಾವು ನೋಡಿದ್ದೆಲ್ಲ ಹೆಚ್ಚಾಗಿ ಮೈಸೂರು, ಮಂಡ್ಯ, ಕೊಳ್ಳೇಗಾಲದ ಕಡೆಯವರಲ್ಲೇ. ಸ್ನಾನದ ರೀತಿಯೋ ರಕ್ತವೋ, ಸರಿಯಾಗಿ ಗೊತ್ತಿಲ್ಲ ಎಂದರು. ನಾನು ಆ ಕಡೆಯವಳಲ್ಲವಾದ್ದರಿಂದ ನನ್ನದು ಮನಸ್ಸಿನದೂ ಇರಬಹುದು ಎಂದರು. ನನ್ನ ಗಂಡ ಕೂಡಲೇ ಹೌದೆಂದು ತಲೆಯಾಡಿಸಿದರು.

ಆಗ ಅತ್ತೆ ಬಾಯಿಬಿಟ್ಟರು. “ಮನಸಿಂದಲ್ಲ ಕಣಪ್ಪ. ನಂಗೂ ಅದೆ. ಮದ್ವೆಗ್ ಮುಂಚಿಂದ್ಲೂ ಅದೆ. ನಮ್ದು ಕೊಳ್ಳೇಗಾಲದ ಕಡೆ.”

ಅವರ ಮಗನಿಗೂ ಗೊತ್ತಿರದ ಮಾತು. ಆ ತಿಂಗಳು ನಾದಿನಿ ಸುಧಾಳಿಗೆ ಕೆ.ಆರ್. ಪುರದ ಕಡೆ ಸಂಬಂಧ ಗೊತ್ತಾಗುವುದರಲ್ಲಿತ್ತು. ಸೊಸೆಗೆ ಫಿಟ್ಸ್ ಎಂದರೆ ಸುಧಾಳ ಸಂಬಂಧಕ್ಕೇನೂ ತೊಂದರೆಯಿಲ್ಲ; ಹೆತ್ತ ತಾಯಿಗೇ ಎಂದರೆ ಗಂಡಿನವರು ಎದ್ದು ಹೋಗಬಹುದು. ಅದು ಗೊತ್ತಿದ್ದೂ ಅತ್ತೆ, ಹೊರಗಿನಿಂದ ಬಂದ ನನ್ನನ್ನು ಯಾರೂ ಹುಚ್ಚಿ ಅನ್ನಬಾರದೆಂದು ಹೇಳಿಬಿಟ್ಟರು. ಮುಂದೆ ಸಂಬಂಧ ಮುರಿಯಲಿಲ್ಲ, ಆದರೆ ಆ ಗಳಿಗೆಯಲ್ಲಿ ಅವರಿಗೆ ಅದು ಗೊತ್ತಿರಲಿಲ್ಲ. ಅಂಥ ಧೈರ್ಯ ನನಗೆ ಇಂದಿಗೂ ಬಂದಿಲ್ಲ.

ಡಾಕ್ಟರು ಇಬ್ಬರಿಗೂ ಮಾತ್ರೆ ಬರೆದುಕೊಟ್ಟರು. ನನ್ನ ಗಂಡ ಅಲ್ಲಿಂದಲೇ ಕೆಲಸಕ್ಕೆ ಹೋದರು. ನಾವಿಬ್ಬರೂ ಆಟೊದಲ್ಲಿ ಮನೆಗೆ ಹೊರಟೆವು. ಹಲಸೂರು ದಾಟುವಾಗ ಅತ್ತೆ ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದರು:

“ಹಿಂದ್ಗಡೆ ನಿಂತಿದ್ಲಾ?”

ನಾನು ತಟ್ಟನೆ ಅವರತ್ತ ತಿರುಗಿದೆ.

“ಮಾತಾಡಕ್ ಮುಂಚೆ ಕೆಮ್ತಾರಲ್ಲ, ಹಂಗೆ ಮೆಲ್ಲಗೆ ಕೆಮ್ಮುದ್ಲಾ?”

ಕೆಮ್ಮಿದ್ದಳು. ಅದನ್ನು ಯಾರಿಗೂ ಹೇಳಿರಲಿಲ್ಲ. ಇಲ್ಲೂ ಮೊದಲು ಬರೆಯದೆ ಬಿಟ್ಟಿದ್ದೆ.

“ಏನ್ ಹೇಳಿದ್ಲು ಅತ್ತೆ ನಿಮಗೆ?”

“ಒಂದಿನಾನೂ ಹೇಳ್ಲಿಲ್ಲ ಕಣವ್ವ. ಮನ್ಸು ಸೋತಾಗ ಬೇಕಂತ್ಲೇ ಬಿಸಿನೀರ್ ಉಯ್ಕೋತಿದ್ದೆ, ಇವತ್ತಾದ್ರೂ ಹೇಳ್ತಾಳೇನೋ ಅಂತ.”

ಅಂದು ಊಟವಾದ ಮೇಲೆ ಅವರು ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕುಳಿತರು. “ಇದ ನುಂಗುದ್ರ ಅವ್ಳು ಬರಲ್ಲ, ಅಲ್ವಾ?” ಎಂದರು. ನಾನು ನೀರಿನ ಲೋಟ ತಂದು ಮುಂದಿಟ್ಟೆ. “ನೀ ಮೊದ್ಲು ನುಂಗು,” ಎಂದರು. ನಾನು ನುಂಗಿದ ಮೇಲೆ ತಾವೂ ನುಂಗಿದರು.

ಆಮೇಲೆ ಇಬ್ಬರಿಗೂ ಫಿಟ್ಸ್ ಬರಲಿಲ್ಲ, ಅವಳೂ ಬರಲಿಲ್ಲ. ಕಾಯಿಲೆಗೆ ಒಂದು ಸೀಮೆ ಇರುವುದಾದರೆ ಇರಲಿ. ಆದರೆ ಊರು, ರಕ್ತ ಯಾವುದರಲ್ಲೂ ಒಂದಲ್ಲದ ನಮ್ಮಿಬ್ಬರ ಬೆನ್ನ ಹಿಂದೆ ಅದೇ ಹೆಂಗಸು ಹೇಗೆ ಬಂದು ನಿಂತಳು, ನನಗೆ ತಿಳಿಯದು.