ಗೇರುಹಣ್ಣಿನ ರಸಕ್ಕೆ ಬಿದ್ದ ಕಾಯಿನೀರು

2023ರ ಮಾರ್ಚ್. ಮಹಾರಾಷ್ಟ್ರದ ಗಡಿಯೂರು ಗಡಹಿಂಗ್ಲಜದ ಬಸ್‌ಸ್ಟ್ಯಾಂಡ್ ಹತ್ತಿರ ನನ್ನದೊಂದು ಸಣ್ಣ ಟೂರ್ ಆಫೀಸು ಇತ್ತು. ಮಾಲಕಿ, ಗೈಡ್, ಗುಡಿಸುವವಳು ಎಲ್ಲ ನಾನೇ. ಪಂಢರಪುರಕ್ಕೂ ಜೋತಿಬಾಕ್ಕೂ ಯಾತ್ರೆಯ ಬಸ್ಸು ಬಿಡುವವರು ನಮ್ಮ ಓಣಿಯಲ್ಲೇ ನಾಲ್ಕು ಜನ ಇದ್ದರು. ಹೊಸ ದಾರಿ ಹುಡುಕದಿದ್ದರೆ ಆಫೀಸಿಗೆ ಬೀಗ ಹಾಕುವುದೇ ಸೈ ಎಂಬಂತಾಗಿತ್ತು.

ಆ ಹೊಸ ದಾರಿ ನನ್ನ ಕಣ್ಣೆದುರೇ ಇತ್ತು. ಆಜರಾ ದಾಟಿ, ಅಂಬೋಲಿ ಘಾಟ್ ಇಳಿದರೆ ಕೊಂಕಣ. ವೆಂಗುರ್ಲಾ ಕಡೆ ಹೋಗುವ ರಸ್ತೆಯಲ್ಲಿ ಸುಧಾತಾಯಿ ಎಂಬ ಹೆಣ್ಣುಮಗಳು ತನ್ನ ತೋಟದ ಗೇರುಹಣ್ಣಿನಿಂದ ವೈನ್ ಮಾಡುತ್ತಿದ್ದಳು. ಬೆಳಿಗ್ಗೆ ಘಾಟ್, ಮಧ್ಯಾಹ್ನ ವೈನರಿ, ಸಂಜೆ ಸಮುದ್ರ: ಒಂದೇ ದಿನದ ಟ್ರಿಪ್! ಆದರೆ ಸುಧಾತಾಯಿ ಬಸ್ಸಿನವರನ್ನು ಗೇಟಿನೊಳಗೆ ಬಿಡುತ್ತಿರಲಿಲ್ಲ. ನಾನು ಮೇಲಿಂದ ಮೇಲೆ ಹೋಗಿ ಗಂಟುಬಿದ್ದ ಮೇಲೆ, ಹಂಗಾಮಿನ ಮೊದಲ ರಸ ಹಿಂಡುವ ದಿನ ಒಂದು ಬಸ್ಸು ತರಲು ಒಪ್ಪಿದಳು. ಅದು ಸರಿಹೋದರೆ ಮುಂದೆ ಪ್ರತಿ ಭಾನುವಾರ, ಇಲ್ಲದಿದ್ದರೆ ಅದೇ ಕೊನೆ.

ಆ ಒಂದು ಬಸ್ಸಿಗೆ ನನಗೆ ಸಿಕ್ಕವರು ಗಡಿಯ ಹಳ್ಳಿಯೊಂದರ ಬಚತ್ ಗಟ್ಟಿನ, ಅಂದರೆ ಉಳಿತಾಯ ಸಂಘದ, ಹೆಂಗಸರು. ಎಲ್ಲರೂ ಲಿಂಗಾಯತರು, ಕಬ್ಬು ಬೆಳೆದು ಬೆಲ್ಲ ಮಾಡುವವರು. ವೈನ್ ಮುಟ್ಟುವ ಮಾತೇ ಇಲ್ಲ. ಅದಕ್ಕೆ ಸುಧಾತಾಯಿಗೆ ಮೊದಲೇ ಫೋನ್ ಮಾಡಿ, ಅವರಿಗೆ ಕೋಕಂ ಶರಬತ್ತು ಇಡಲು ಹೇಳಿದ್ದೆ. ಎಲ್ಲರಿಗಿಂತ ಹಿರಿಯಳಾದ ಗೌರವ್ವ ಆಯಿ ಬಸ್ಸು ಹತ್ತುವಾಗಲೇ ಕೇಳಿದ್ದಳು:

"ಸಮುದ್ರ ಖರೇನ ತೋರಸ್ತೀಯೇನವಾ? ನಾ ಹುಟ್ಟಿದಾಗಿಂದ ನೋಡಿಲ್ಲ."

"ತೋರಸ್ತೇನಿ ಆಯಿ, ಹೊತ್ತು ಮುಳುಗೂದ್ರಾಗ."

ಘಾಟಿನ ಪ್ರತಿ ತಿರುವಿಗೂ ಬಸ್ಸಿನಲ್ಲಿ ಒಂದು ಕೂಗು. ಇಳಿಯುವ ಹೊತ್ತಿಗೆ ನನಗೂ ಅವರಷ್ಟೇ ಹುರುಪು ಬಂದಿತ್ತು. ತೋಟದೊಳಗೆ ಕಾಲಿಟ್ಟರೆ ಹಣ್ಣಿನ ಘಮ ಮೂಗಿಗೆ ಬಡಿಯುತ್ತಿತ್ತು. ಕೆಂಪು, ಹಳದಿ ಹಣ್ಣಿನ ರಾಶಿ, ಪಕ್ಕದಲ್ಲಿ ಹಿಂಡುವ ಯಂತ್ರ, ಕೆಳಗೆ ಉಕ್ಕಿನ ಡ್ರಮ್ಮಿಗೆ ಸುರಿಯುವ ರಸ. ಈ ರಸಕ್ಕೆ ಯೀಸ್ಟ್ ಹಾಕಿದರೆ ಅದು ಸಕ್ಕರೆಯನ್ನು ಮದ್ಯವಾಗಿ ಮಾಡುತ್ತದೆ, ಇದಕ್ಕೇ ಫರ್ಮೆಂಟೇಶನ್ ಎನ್ನುತ್ತಾರೆ ಎಂದು ಸುಧಾತಾಯಿ ಮರಾಠಿಯಲ್ಲಿ ಹೇಳುತ್ತಿದ್ದಳು, ನಾನು ಕನ್ನಡದಲ್ಲಿ ಹೇಳುತ್ತಿದ್ದೆ. "ಹೊರಗಿನದು ಏನೂ ಬೀಳಬಾರದು, ಬಿದ್ದರೆ ಹುಳಿಯಾಗುತ್ತದೆ" ಎಂಬ ಮಾತು ಇನ್ನೂ ನನ್ನ ಬಾಯಲ್ಲೇ ಇತ್ತು.

ಟಪ್ ಎಂದು ಸದ್ದಾಯಿತು. ಗೌರವ್ವ ಆಯಿ ಡ್ರಮ್ಮಿನ ಅಂಚಿಗೆ ತೆಂಗಿನಕಾಯಿ ಒಡೆದು, ನೀರನ್ನು ರಸಕ್ಕೆ ಸುರಿದು, ಚಿಟಿಕೆ ಭಂಡಾರದ ಅರಿಸಿನವನ್ನೂ ಹಾಕಿ ಕೈಮುಗಿದು ನಿಂತಿದ್ದಳು. ಉಳಿದವರೂ ಕಣ್ಣುಮುಚ್ಚಿ ಕೈಮುಗಿದಿದ್ದರು.

"ಅರೇ ದೇವಾ! ಆಜೀ, ಹೇ ಕಾಯ್ ಕೇಲಂ?" ಅಜ್ಜಿ, ಇದೇನು ಮಾಡಿದೆ ಎಂದು ಕೂಗಿದ ಸುಧಾತಾಯಿಯ ಮುಖ ಬಿಳಿಚಿತು.

"ಯಾಕವಾ, ತಪ್ಪಾತೇನು? ಗಾಣದಾಗ ಮದಲನೇ ರಸಕ್ಕ ಕಾಯಿ ಒಡೀದ ಬಿಡತೀವೇನು? ನಿನಗ ಛಲೋ ಆಗಲೆಂತ ಒಡದೆ."

ನನ್ನ ಭಾನುವಾರಗಳೆಲ್ಲ ಆ ಡ್ರಮ್ಮಿನಲ್ಲೇ ಮುಳುಗಿದವು ಅಂದುಕೊಂಡೆ. ಆಯಿಯ ಮಾತನ್ನು ಹೇಗೋ ಮರಾಠಿಯಲ್ಲಿ ಹೇಳಿದೆ. ಸುಧಾತಾಯಿ ಸಿಟ್ಟನ್ನು ನುಂಗಿಕೊಂಡು, ಈ ರಸ ಇನ್ನು ವೈನಿಗೆ ಬಾರದು, ಚೆಲ್ಲಬೇಕು ಎಂದಳು. ಆ ಒಂದು ಮಾತಿಗೆ ಹೆಂಗಸರೆಲ್ಲ ಒಮ್ಮೆಲೇ ತಿರುಗಿಬಿದ್ದರು.

"ಚೆಲ್ಲೂದಾ? ಪೂಜಿ ಮಾಡಿದ್ದು ಚೆಲ್ತಾರೇನ್ರಿ? ಒಲಿ ಹಚ್ರಿ, ಕುದಸೂಣು!"

ಯಾರೂ ಯಾರ ಅಪ್ಪಣೆಗೂ ಕಾಯಲಿಲ್ಲ. ಕೆಲಸದವರ ಅಡುಗೆಯ ದೊಡ್ಡ ಕಡಾಯಿ ಬಂತು, ಮೂರು ಕಲ್ಲಿನ ಒಲೆ ಹೊತ್ತಿತು. ಒಬ್ಬಳು ಹಿತ್ತಲಿನ ಬೆಂಡೆ ಗಿಡ ಕಿತ್ತು ಜಜ್ಜಿ ಅದರ ಲೋಳೆ ಹಾಕಿದಳು. ಕಬ್ಬಿನ ರಸದ ಕೊಳೆಯನ್ನು ಅವರು ಹೀಗೇ ತೆಗೆಯುತ್ತಾರೆ. ಕೋಲಿನಿಂದ ತಿರುವಲು ಪಾಳಿ ಹಚ್ಚಿದರು, ಪಾಳಿಗೆ ಜಗಳವಾಡಿದರು. ದೂರ ನಿಂತಿದ್ದ ಸುಧಾತಾಯಿ ಮೊದಲು ಕಟ್ಟಿಗೆ ಒಟ್ಟಿದಳು, ಆಮೇಲೆ ಸೆರಗು ಸಿಕ್ಕಿಸಿ ತಾನೇ ಕೋಲು ಹಿಡಿದಳು. ಅದನ್ನು ನೋಡಿ ನನಗೆ ಕುಣಿಯಬೇಕೆನಿಸಿತು.

ಕೊನೆಗೆ ಬಂದದ್ದು ಕಾಕಂಬಿಯಂಥ ಕಂದು ಪಾಕ. ತಳ ತುಸು ಹೊತ್ತಿತ್ತು, ಗಂಟಲಲ್ಲಿ ಗೇರಿನ ಒಗರೂ ಉಳಿದಿತ್ತು. ಸುಳ್ಳು ಯಾಕೆ ಹೇಳಲಿ, ಅಂಥ ಅಮೃತವೇನಲ್ಲ. ಆದರೂ ಬುತ್ತಿಯ ಜೋಳದ ರೊಟ್ಟಿಗೆ ಹಚ್ಚಿ ಎಲ್ಲರೂ ತಿಂದರು. ಸುಧಾತಾಯಿ ಎರಡನೆಯ ರೊಟ್ಟಿ ಕೇಳಿ ಇಸಿದುಕೊಂಡಳು.

ಈ ಗದ್ದಲದಲ್ಲಿ ಹೊತ್ತು ಇಳಿದದ್ದು ಯಾರಿಗೂ ಗೊತ್ತಾಗಲಿಲ್ಲ. "ಸಮುದ್ರ!" ಎಂದು ನಾನು ಚೀರಿದೆ. ಎದ್ದೆವೋ ಬಿದ್ದೆವೋ ಎಂದು ಬಸ್ಸು ಹತ್ತಿದೆವು. ಗೌರವ್ವ ಆಯಿ ಸುಧಾತಾಯಿಯ ಕೈಬಿಡದೆ ಅವಳನ್ನೂ ಹತ್ತಿಸಿಕೊಂಡಳು. ವೆಂಗುರ್ಲಾದ ಮರಳಿಗೆ ಇಳಿದಾಗ ಸೂರ್ಯ ನೀರು ಮುಟ್ಟುವುದರಲ್ಲಿದ್ದ. ಆಯಿ ಸೀರೆ ಎತ್ತಿ ಕಟ್ಟಿ ನೇರ ಅಲೆಯೊಳಗೆ ನಡೆದಳು. ಮೊಣಕಾಲಮಟ ನೀರಿನಲ್ಲಿ ನಿಂತು ಬಹಳ ಹೊತ್ತು ನೋಡಿದಳು. ಆಮೇಲೆ ಚೀಲಕ್ಕೆ ಕೈಹಾಕಿ ಇನ್ನೊಂದು ತೆಂಗಿನಕಾಯಿ ತೆಗೆದು, ನಮ್ಮಿಬ್ಬರ ಕಡೆ ತಿರುಗಿದಳು.

"ಇಲ್ಲಿ ಒಡೀಲೇನವಾ? ಇಲ್ಲಾ ಇದೂ ಹುಳಿ ಆಗತೈತಿ?"

ನಾನು ಮರಾಠಿಯಲ್ಲಿ ಹೇಳಿ ಮುಗಿಸುವ ಮೊದಲೇ ಸುಧಾತಾಯಿ ನಗುತ್ತ ನೀರಿಗೆ ಇಳಿದಿದ್ದಳು. "ಫೋಡಾ ಆಜೀ, ಫೋಡಾ!" ಎಂದು ಒಡೆಯಲು ಹೇಳಿ, ನನ್ನ ಕಡೆ ನೋಡಿ, "ಭಾನುವಾರ ಬಸ್ಸು ತಗೊಂಡು ಬಾ. ಇವರ ಒಲೆ ಅಲ್ಲೇ ಇರುತ್ತದೆ" ಎಂದಳು. ನಾನು ಚಪ್ಪಲಿ ಸಮೇತ ನೀರಿಗೆ ಹಾರಿದೆ.

ಜನರನ್ನು ಊರು ತೋರಿಸಲು ಕರೆದೊಯ್ಯುವ ನಾವು ಅವರ ಕಣ್ಣಿಗೆ ಏನು ಬೇಕು ಎಂದಷ್ಟೇ ಯೋಚಿಸುತ್ತೇವೆ. ಅವರ ಕೈಗೂ ಏನೋ ಮಾಡಬೇಕೆನಿಸುತ್ತದೆ ಎಂಬುದನ್ನು ನನಗೆ ಕಲಿಸಿದ್ದು ಆ ದಿನ. ಈಗಲೂ ಹಂಗಾಮಿನಲ್ಲಿ ಬಸ್ಸು ಅಂಬೋಲಿ ಇಳಿಯುವಾಗ ಎದ್ದು ನಿಂತು ಕೇಳುತ್ತೇನೆ: "ಕಾಯಿ ಯಾರ್ಯಾರು ತಂದೀರ್ರೀ?" ಮುಕ್ಕಾಲು ಬಸ್ಸು ಕೈಯೆತ್ತುತ್ತದೆ. ಎಲ್ಲಿ ಒಡೆಯಬೇಕು ಎಂದು ಹೇಳುತ್ತೇನೆ. ತರಬೇಡಿರಿ ಎಂದು ಇದುವರೆಗೆ ಹೇಳಿಲ್ಲ.