ಕಾಫಿ ಡಬ್ಬಿಯ ಹಾಜರಿ

ಇವತ್ತು ಬೆಳಿಗ್ಗೆ ಗೇಟಿನ ಗಾರ್ಡ್ ಇಂಟರ್‌ಕಾಮಿನಲ್ಲಿ, "ಮೇಡಂ, ಆಪ್ ಕಾ ಪಾರ್ಸಲ್. ಕರ್ನಾಟಕ ಸೇ," ಅಂದ. ಕೆಳಗಿಳಿದು ತಂದೆ. ಬಿಳಿ ಬಟ್ಟೆಯಲ್ಲಿ ಹೊಲಿದ ಪೊಟ್ಟಣ, ಅಂಚಿಗೆ ದಬ್ಬಳದಲ್ಲಿ ಹಾಕಿದ ದಪ್ಪ ಹೊಲಿಗೆ, ಮೇಲೆ ನೀಲಿ ಶಾಯಿಯಲ್ಲಿ ನನ್ನ ಹೆಸರು. ಈ ಕಾಲದಲ್ಲಿ ಬಟ್ಟೆ ಹೊಲಿದು ಪಾರ್ಸಲ್ ಕಳಿಸುವವರು ಯಾರು ಅಂತ ನೀವು ಕೇಳಬಹುದು. ಆಂಟಿ ಕಳಿಸುತ್ತಾರೆ, ಕೊಡಗಿನಿಂದ, ವರ್ಷಕ್ಕೊಮ್ಮೆ. ಅವರ ಯಜಮಾನರು ಸೈನ್ಯದಲ್ಲಿ ಸುಬೇದಾರರಾಗಿದ್ದವರು. ಊರೂರಿಗೆ ವರ್ಗವಾಗಿ, ಸಾಮಾನು ಕಟ್ಟಿ ಬಿಚ್ಚಿ, ಆ ಹೊಲಿಗೆ ಆಂಟಿಯ ಕೈಗೆ ಅಂಟಿಕೊಂಡಿದೆ.

ಪೊಟ್ಟಣವನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ. ಬಿಚ್ಚಲಿಲ್ಲ. ಒಳಗೇನಿದೆ ಅಂತ ಗೊತ್ತು, ಕಾಫಿಪುಡಿ. ಪ್ರತಿ ವರ್ಷವೂ ಹೀಗೇ. ಕೆಲವು ದಿನ ಅದರ ಪಕ್ಕದಲ್ಲೇ ಚಹಾ ಮಾಡಿಕೊಂಡು ಕುಡಿಯುತ್ತೇನೆ, ಆಮೇಲೆ ಆಫೀಸಿನಲ್ಲಿ ಯಾರಾದರೂ ಕನ್ನಡದವರಿಗೆ ಹೊಲಿಗೆ ಬಿಚ್ಚದೆ ಕೊಟ್ಟುಬಿಡುತ್ತೇನೆ. ನಾನು ನೇರವಾಗಿ ಮಾತಾಡುವವಳು, ಅದಕ್ಕೆ ಬೈಸಿಕೊಂಡೂ ಇದ್ದೇನೆ. ಆದರೆ ಈ ಪೊಟ್ಟಣದ ವಿಷಯವನ್ನು ಮಾತ್ರ ಸುತ್ತಿ ಬಳಸಿಯೇ ಹೇಳಬೇಕು. ಸ್ವಲ್ಪ ತಾಳ್ಮೆ ಇರಲಿ.

ನಮ್ಮ ಮನೆತನದಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. ಕೇಳುವವರಿಗೆ ಬೇಸರ ಬರುವಷ್ಟು ಸಲ ಈ ಮಾತು ಹೇಳಿದ್ದೇನೆ, ಇನ್ನೂ ಹೇಳುತ್ತೇನೆ. ಅಪ್ಪ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಹಮಾಲಿ. ಸಾಯಂಕಾಲ ಅವರು ಮನೆಗೆ ಬಂದರೆ ಹೆಗಲಿಂದ ಬಿಸಿಲಿಗೆ ಕಾದ ಗೋಣಿಚೀಲದ ವಾಸನೆ ಬರುತ್ತಿತ್ತು. ನನಗೆ ಅದು ಸಂಬಳದ ವಾಸನೆ, ಫೀಸಿನ ವಾಸನೆ. ಎಂಜಿನಿಯರಿಂಗ್ ಮುಗಿಸಿ ದೆಹಲಿ ಕಡೆಗೆ ಕೆಲಸಕ್ಕೆ ಹೊರಟಾಗ ಅಪ್ಪ ನನ್ನ ಘಟಿಕೋತ್ಸವದ ಫೋಟೋಗೆ ಕಟ್ಟು ಹಾಕಿಸಿ ದೇವರ ಪಟಗಳ ಸಾಲಿನಲ್ಲೇ ಮೊಳೆ ಹೊಡೆದರು. ಅಮ್ಮ ಪೂಜೆ ಮಾಡುವಾಗ ಮರೆತು ನನಗೂ ಒಂದು ಹೂವು ಏರಿಸುತ್ತಾಳೆ. ಬದುಕಿರುವವರ ಫೋಟೋಗೆ ಹೂವು ಬೇಡ ಅಂತ ನಾನು ಆಗೆಲ್ಲ ನಗುತ್ತಿದ್ದೆ.

ಗ್ರೇಟರ್ ನೋಯ್ಡಾದಲ್ಲಿ ನಾವು ಮೂವರು ಹುಡುಗಿಯರು ಒಂದು ಫ್ಲ್ಯಾಟ್ ಹಿಡಿದೆವು. ಎತ್ತರದ ಮಹಡಿ, ಕೆಳಗೆ ಅರ್ಧ ಕಟ್ಟಿ ನಿಲ್ಲಿಸಿದ ಬಿಲ್ಡಿಂಗುಗಳು, ಆಚೆ ಧೂಳು. ನಫೀಸಾ ಹುಬ್ಬಳ್ಳಿಯವಳು, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದಕ್ಕೇ ಸಂಬಳ ಪಡೆಯುವವಳು, ಅದನ್ನು ಮನೆಗೂ ತರುತ್ತಿದ್ದಳು. ಇನ್ನೊಬ್ಬಳು ದೇಚಮ್ಮ, ನಮಗೆ ದೇಚು, ಕೊಡಗಿನ ಆಂಟಿಯ ಮಗಳು. ಕಂಟೋನ್ಮೆಂಟುಗಳಲ್ಲಿ ಬೆಳೆದವಳು. ಅವಳ ಹಿಂದಿ ನೀರು ಕುಡಿದ ಹಾಗೆ, ಕನ್ನಡ ಮಾತ್ರ ಅಲ್ಲಲ್ಲಿ ತಡವರಿಸುವುದು. ಸ್ಕೂಟರ್ ಇದ್ದದ್ದು ಅವಳೊಬ್ಬಳಿಗೇ.

ತಿಪಟೂರಿನ ನಮ್ಮ ಮನೆಯಲ್ಲಿ ಕಾಫಿಯ ರೂಢಿ ಇರಲಿಲ್ಲ. ದೇಚು ತನ್ನ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದು ಮೊದಲ ಸಲ ಮೂಗಿಗೆ ಹಿಡಿದಾಗ, "ಏನು ಬರುತ್ತೆ ಹೇಳು," ಅಂದಳು.

"ಗೋಣಿಚೀಲ. ನಮ್ಮಪ್ಪನ ಹೆಗಲ ಥರ."

ಅವಳು ನೆಲದ ಮೇಲೆ ಕೂತು ನಕ್ಕಳು. "ಅರೇ, ನಮ್ಮಜ್ಜಿ ಕೇಳಿದ್ರೆ ನಿನ್ನನ್ನ ತೋಟದಿಂದ ಓಡಿಸ್ತಾರೆ. ಆದ್ರೆ ಸಹೀ ಹೇಳಿದೆ ನೋಡು. ಗೋಣಿಚೀಲ ಮೊದಲು. ಹಿಂದೆ ಸ್ವಲ್ಪ ಹೊಗೆ. ಕೊನೆಗೆ ತಳ ಹಿಡಿದ ಬೆಲ್ಲ." ಅಂದಿನಿಂದ ಕಾಫಿ ಚೆನ್ನಾಗಿದ್ದರೆ, "ಇವತ್ತು ನಿಮ್ಮಪ್ಪನ ಹೆಗಲು ಚೆನ್ನಾಗಿ ಬಂದಿದೆ," ಅನ್ನುವಳು. ನಾನು ಡಿಗ್ರಿಯ ಮಾತು ತೆಗೆದರೆ, "ಶುರುವಾಯ್ತು, ಗ್ರ್ಯಾಜುಯೇಟ್ ಮೇಡಂ. ನಾವೆಲ್ಲಾ ಅಂಗನವಾಡಿ ಪಾಸ್," ಅಂತ ನಫೀಸಾಗೆ ಕಣ್ಣು ಹೊಡೆಯುವಳು.

ಆಮೇಲೆ ಕೋವಿಡ್ಡಿನ ಎರಡನೇ ಅಲೆ ಬಂತು. ಅದನ್ನು ನಾನು ವರ್ಣಿಸುವುದಿಲ್ಲ, ನೀವೂ ಎಲ್ಲೋ ಒಂದು ಕಡೆ ಇದ್ದಿರಿ. ದೆಹಲಿ ಕಡೆ ಆ ಏಪ್ರಿಲ್‌ನಲ್ಲಿ ಆಂಬ್ಯುಲೆನ್ಸಿನ ಸದ್ದು ನಿಂತರೆ ಭಯವಾಗುತ್ತಿತ್ತು, ಯಾಕೆ ನಿಂತಿತು ಅಂತ. ನಮ್ಮ ಟವರಿನಲ್ಲಿ ಒಂದೊಂದೇ ಬಾಗಿಲಿಗೆ ಕೋವಿಡ್ ಇದೆ ಅನ್ನುವ ಕಾಗದ ಅಂಟಿತು. ಹಾಗೆ ಕಾಗದ ಅಂಟಿದವರು ಲಿಫ್ಟ್ ಮುಟ್ಟುವಂತಿಲ್ಲ, ಅವರ ಕಸ ಎತ್ತುವವರಿಲ್ಲ. ಅಪ್ಪ ದಿನಾ ಫೋನ್ ಮಾಡಿ, "ಬಂದುಬಿಡವ್ವ, ಹೆಂಗಾದ್ರೂ," ಅನ್ನುವರು. ಹೇಗೆ ಹೋಗುವುದು?

ಪರೀಕ್ಷೆ ಮಾಡಿಸಿದರೆ ಉತ್ತರ ಬರುವಷ್ಟರಲ್ಲಿ ವಾರ ಕಳೆಯುತ್ತಿತ್ತು. ಅದಕ್ಕೇ ನಫೀಸಾ ಮನೆಯಲ್ಲೇ ಒಂದು ಟೆಸ್ಟ್ ಮಾಡಿದಳು. ಬೆಳಿಗ್ಗೆ ಎದ್ದ ಕೂಡಲೇ ಕಾಫಿ ಡಬ್ಬಿಯ ಹಾಜರಿ. ಒಬ್ಬೊಬ್ಬರೇ ಮೂಸಬೇಕು, ಏನು ವಾಸನೆ ಬರುತ್ತದೆ ಅಂತ ಬಾಯಿಬಿಟ್ಟು ಹೇಳಬೇಕು. ವಾಸನೆ ಬರದವರು ಒಳಗಿನ ರೂಮಿಗೆ. ಹೊರಗಿರುವವರು ಅಡುಗೆ, ಔಷಧಿ, ಓಡಾಟ ನೋಡಿಕೊಳ್ಳಬೇಕು. ಮೂರು ಜನ ಪದವೀಧರೆಯರು ಅಡುಗೆಮನೆಯಲ್ಲಿ ಸಾಲಾಗಿ ನಿಂತು ಡಬ್ಬಿ ಮೂಸುವುದನ್ನು ಯಾರಾದರೂ ನೋಡಿದ್ದರೆ ನಕ್ಕಿರುತ್ತಿದ್ದರು. ನಾವೂ ನಗುತ್ತಿದ್ದೆವು. ದೇಚು ಪ್ರತಿದಿನ ಹೊಸದೇನಾದರೂ ಸೇರಿಸುವಳು. "ಹೊಗೆ ಇವತ್ತು ಸ್ವಲ್ಪ ಜಾಸ್ತಿ. ಬೆಲ್ಲ ಇನ್ನೂ ತಳ ಹಿಡೀತಾ ಇದೆ, ಯಾರಾದ್ರೂ ಕೈಯಾಡಿಸಿ."

ಮೊದಲು ತಪ್ಪಿದವಳು ನಫೀಸಾ. ಡಬ್ಬಿಯನ್ನು ಮೂಗಿಗೆ ಒತ್ತಿ ಹಿಡಿದು ತುಂಬಾ ಹೊತ್ತು ನಿಂತಳು. "ಏನೂ ಬರವಲ್ತವಾ," ಅಂದಳು. ತಾನೇ ಹಾಸಿಗೆ ಎತ್ತಿಕೊಂಡು ಒಳಗೆ ಹೋದಳು. ಎರಡೇ ದಿನದಲ್ಲಿ ನಾನೂ. ಒಂದು ಬೆಳಿಗ್ಗೆ ಅಪ್ಪನ ಹೆಗಲು ಇರಲಿಲ್ಲ, ತಣ್ಣಗಿನ ಸ್ಟೀಲ್ ಮಾತ್ರ ಇತ್ತು.

ನಫೀಸಾಳ ಉಸಿರು ಕೆಟ್ಟಿತು. ಯಾವ ಆಸ್ಪತ್ರೆಗೆ ಫೋನ್ ಮಾಡಿದರೂ ಜಾಗವಿಲ್ಲ. ದೇಚು ಎಲ್ಲಿಂದಲೋ ಒಂದು ಚಿಕ್ಕ ಆಕ್ಸಿಜನ್ ಸಿಲಿಂಡರ್ ಹೊಂದಿಸಿದಳು. ಅದು ಖಾಲಿಯಾದ ಹಾಗೆಲ್ಲ ಸ್ಕೂಟರಿನಲ್ಲಿ ಕಾಲಿನ ನಡುವೆ ನಿಲ್ಲಿಸಿಕೊಂಡು ಫ್ಯಾಕ್ಟರಿಗಳಿರುವ ಕಡೆಗೆ ಹೋಗಿ, ಬಿಸಿಲಲ್ಲಿ ಸಾಲು ನಿಂತು, ತುಂಬಿಸಿಕೊಂಡು ಬರುತ್ತಿದ್ದಳು. ನಮ್ಮ ಬಾಗಿಲಿಗೂ ಕಾಗದ ಅಂಟಿತ್ತು, ಲಿಫ್ಟ್ ಇಲ್ಲ. ಸಿಲಿಂಡರ್ ಒಂದೊಂದೇ ಮೆಟ್ಟಿಲು ಠಣ್ ಠಣ್ ಅಂತ ಏರಿ ಬರುವ ಸದ್ದು ನಮಗೆ ಮಲಗಿದಲ್ಲೇ ಕೇಳುತ್ತಿತ್ತು. ಆ ಸದ್ದು ನಮ್ಮ ಬಾಗಿಲವರೆಗೂ ಬಂದರೆ ನಫೀಸಾ ಇವತ್ತು ಬದುಕಿದಳು ಅಂತ ಅರ್ಥ.

ಹಾಜರಿ ಮಾತ್ರ ನಿಲ್ಲಲಿಲ್ಲ. ದೇಚು ಮುಚ್ಚಿದ ಬಾಗಿಲಾಚೆ ನಿಂತು ಡಬ್ಬಿ ತೆಗೆಯುವಳು. ಮುಚ್ಚಳ 'ಟಪ್' ಅನ್ನುವುದು ಕೇಳಿಸುವುದು. ಆಮೇಲೆ ಅವಳ ವರದಿ.

"ಸುನೋ, ಗೋಣಿಚೀಲ ಹಾಜರ್. ಈಗ ತಾನೇ ಲಾರಿಯಿಂದ ಇಳಿಸಿದ ಹಾಗಿದೆ. ಹೊಗೆ, ಆದ್ರೆ ಕಟ್ಟಿಗೆ ಹೊಗೆ ಅಲ್ಲ, ತೆಂಗಿನ ಕರಟದ್ದು. ಬೆಲ್ಲದಲ್ಲಿ ಯಾರೋ ಏಲಕ್ಕಿ ಹಾಕಿದ್ದಾರೆ. ನಿಮ್ಮಪ್ಪ ಇವತ್ತು ಫುಲ್ ಡ್ಯೂಟಿ, ಗ್ರ್ಯಾಜುಯೇಟ್ ಮೇಡಂ."

ಅಷ್ಟು ಚೆಂದದ ವರದಿ ಅವಳು ಹಿಂದೆಂದೂ ಕೊಟ್ಟಿರಲಿಲ್ಲ. ದಿನದಿಂದ ದಿನಕ್ಕೆ ಇನ್ನೂ ಚೆಂದವಾಗುತ್ತಿತ್ತು. ನಾವಿಬ್ಬರೂ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದೆವು, ರೇಡಿಯೋ ಕೇಳಿದ ಹಾಗೆ. ನಡುನಡುವೆ ಅವಳಿಗೆ ಉಸಿರು ಸಿಕ್ಕಿಹಾಕಿಕೊಳ್ಳುತ್ತಿತ್ತು. ಕೇಳಿದರೆ, "ಮೆಟ್ಟಿಲು ಯಾರ್ ಹತ್ತಿದ್ದು, ನೀನಾ?" ಅನ್ನುವಳು.

ಒಂದು ಬೆಳಿಗ್ಗೆ ಮುಚ್ಚಳದ ಸದ್ದು ಬರಲಿಲ್ಲ.

ಗೋಡೆ ಹಿಡಿದುಕೊಂಡು ಎದ್ದು ಬಾಗಿಲು ತೆಗೆದೆ. ದೇಚು ಅಡುಗೆಮನೆಯಲ್ಲಿ ಸಿಂಕಿನ ಕೆಳಗೆ ಗೋಡೆಗೆ ಒರಗಿ ಕೂತಿದ್ದಳು, ಡಬ್ಬಿ ಮಡಿಲಲ್ಲಿತ್ತು. ತುಟಿ ನೇರಳೆಯಾಗಿತ್ತು. ನಾನು ಬಾಲ್ಕನಿಯಿಂದ ಕೂಗಿದೆ. ಕೆಳಗಿನ ಮಹಡಿಯ ಪಂಜಾಬಿ ಆಂಟಿ, ದಿನಾ ನಮ್ಮ ಬಾಗಿಲಲ್ಲಿ ರೊಟ್ಟಿ ಇಟ್ಟು ಹೋಗುತ್ತಿದ್ದವರು, ಮಾಸ್ಕ್ ಮೇಲೆ ಮಾಸ್ಕ್ ಹಾಕಿಕೊಂಡು ಓಡಿ ಬಂದರು. ಹೊಸ್ತಿಲಲ್ಲೇ ನಿಂತು ದುಪಟ್ಟಾವನ್ನೂ ಮೂಗಿಗೆ ಒತ್ತಿಕೊಂಡರು.

"ಬೇಟಾ, ಯಹಾ ಕ್ಯಾ ಸಡ್ ರಹಾ ಹೈ?"

ಇಲ್ಲೇನು ಕೊಳೆಯುತ್ತಿದೆ ಅಂತ. ಏನೂ ಇಲ್ಲ ಅಂದೆ. ಅವರು ಬೆರಳು ತೋರಿಸಿದ ಕಡೆ ನೋಡಿದೆ. ದೇಚುವಿನ ಪಕ್ಕದಲ್ಲೇ ಆಲೂಗಡ್ಡೆಯ ಚೀಲ. ಅಡಿಯೆಲ್ಲಾ ಕಪ್ಪು ನೀರಾಗಿ ಹರಿದು ಟೈಲ್ಸ್ ಮೇಲೆ ಒಣಗಿತ್ತು. ಕೊಳೆತ ಆಲೂಗಡ್ಡೆ ಹೇಗೆ ನಾರುತ್ತದೆ ಅಂತ ನಿಮಗೆ ಗೊತ್ತು. ಒಂದು ದಿನದ್ದಲ್ಲ ಅದು. ಅದರ ಪಕ್ಕದಲ್ಲೇ ನಿಂತು ಅವಳು ಬೆಳಿಗ್ಗೆ ಬೆಳಿಗ್ಗೆ ನಮಗೆ ಏಲಕ್ಕಿ, ಬೆಲ್ಲ, ಕರಟದ ಹೊಗೆ ಅಂತ ಹೇಳಿದ್ದಳು.

ಪಂಜಾಬಿ ಆಂಟಿಯ ಗಂಡ, ಅಳಿಯ ಸೇರಿ ದೇಚುವನ್ನು ಬೆಡ್‌ಶೀಟಿನಲ್ಲಿ ಹೊತ್ತು ಕೆಳಗಿಳಿಸಿದರು. ಆಟೋದಲ್ಲಿ ನನ್ನ ತೊಡೆಯ ಮೇಲೆ ಅವಳ ತಲೆ.

"ಯಾವಾಗ ಹೋಯ್ತು ದೇಚು, ವಾಸನೆ?"

"ನೀನು ಒಳಗೆ ಹೋದ ಮಾರನೇ ದಿನ."

"ಹೇಳೋಕೇನಾಗಿತ್ತು?"

"ಹೇಳಿದ್ರೆ ನನ್ನನ್ನೂ ಒಳಗೆ ಹಾಕ್ತಿದ್ರಿ." ಉಸಿರಿಗೆ ನಿಲ್ಲಿಸಿದಳು. "ನಫೀಸಾಗೆ ಯಾರು ತರ್ತಿದ್ರು?"

ಮೊದಲ ಆಸ್ಪತ್ರೆಯ ಗೇಟು ತೆಗೆಯಲಿಲ್ಲ. ಎರಡನೆಯದರ ಮುಂದೆ ಆಟೋಗಳೇ ವಾರ್ಡಾಗಿದ್ದವು, ಒಂದೊಂದರಲ್ಲಿ ಒಬ್ಬೊಬ್ಬರು. ನಮ್ಮ ಸರದಿ ಬಂತು. ಡಾಕ್ಟರ್ ಹುಡುಗ ಟಾರ್ಚ್ ಹಾಕಿ ಕಣ್ಣು ನೋಡಿದ, ನನಗಿಂತ ಚಿಕ್ಕವನಿರಬೇಕು. ಏನೂ ಹೇಳದೆ ಮುಂದಿನ ಆಟೋಗೆ ಹೋದ. ಅದೇ ಉತ್ತರ ಅಂತ ನನಗೆ ಗೊತ್ತಾಗುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ದೇಚುವಿನ ಕೂದಲು ಸರಿ ಮಾಡುತ್ತಲೇ ಇದ್ದೆ.

ನಫೀಸಾ ಬದುಕಿದಳು. ಈಗ ಹುಬ್ಬಳ್ಳಿಯಲ್ಲಿ ಸ್ಕೂಲ್ ಟೀಚರ್. ಟೆಸ್ಟಿಂಗ್ ಕೆಲಸಕ್ಕೆ ಮತ್ತೆ ಹೋಗಲಿಲ್ಲ. "ಡಬ್ಬಿ ಒಮ್ಮಿಯರೆ ಬದಲ್ ಮಾಡಬೇಕಿತ್ತಲೇ," ಅನ್ನುತ್ತಾಳೆ, ಫೋನ್ ಮಾಡಿದಾಗೆಲ್ಲ. "ಒಂದಿನ ಜೀರಗಿ ಇಡಬೇಕಿತ್ತು, ಒಂದಿನ ಸೋಪು. ಉತ್ತರ ಗೊತ್ತಿದ್ದ ಪ್ರಶ್ನೀನ ದಿನಾ ಕೇಳಿದ್ನಲ್ಲ ನಾ." ನಾನು ಸಮಾಧಾನ ಹೇಳುತ್ತೇನೆ. ಮೂವರೂ ಓದಿದವರೇ, ಮೂವರಿಗೂ ಹೊಳೆಯಲಿಲ್ಲ. ಸಮಾಧಾನ ಇಬ್ಬರಿಗೂ ಆಗುವುದಿಲ್ಲ.

ನನ್ನ ಮೂಗು ವಾಪಸ್ ಬರಲಿಲ್ಲ. ಕೆಲವರಿಗೆ ಹಾಗಾಗುತ್ತದಂತೆ. ಹಬ್ಬಕ್ಕೆ ಊರಿಗೆ ಹೋದರೆ ಅಪ್ಪ ಮಂಡಿಯಿಂದ ಬರುತ್ತಾರೆ, ಹೆಗಲಿಗೆ ಮುಖ ಇಡುತ್ತೇನೆ, ಬರೀ ಬೆವರಿನ ತೇವ. ಇದನ್ನು ನಾನು ಮನೆಯಲ್ಲಿ ಹೇಳಿಲ್ಲ. ಕೊಡಗಿನ ಆಂಟಿಗೂ ಹೇಳಿಲ್ಲ. ಮಗಳು ವಾಸನೆಯ ವಿಷಯದಲ್ಲಿ ಸುಳ್ಳು ಹೇಳಿದಳು ಅಂತ ಅವರಿಗೆ ತಿಳಿಸಿದವಳೇ ನಾನು. ಇದನ್ನೂ ಹೊರಿಸುವುದು ಬೇಡ ಅನ್ನಿಸಿತ್ತು. ಪ್ರತಿ ವರ್ಷ ಪೊಟ್ಟಣ ಬಂದಾಗ ಅವರು ಫೋನ್ ಮಾಡುತ್ತಾರೆ, ನಾನು ಕಾಫಿ ಹೇಗಿದೆ ಅಂತ ಹೇಳುತ್ತೇನೆ.

ಇವತ್ತು ಮಧ್ಯಾಹ್ನವೂ ಮಾಡಿದರು.

"ತಲುಪಿತಾ ಮಗಳೇ? ಬಿಚ್ಚಿದೆಯಾ?"

"ಬೆಳಿಗ್ಗೇನೇ ಬಂತು ಆಂಟಿ. ಬಿಚ್ಚಿದೆ. ಮನೆಯೆಲ್ಲಾ ಘಮ್ ಅಂತಿದೆ. ಮೊದಲು ಆ ಗೋಣಿಚೀಲ, ಹಿಂದೆ ಸ್ವಲ್ಪ ಹೊಗೆ, ಕೊನೆಗೆ ತಳ ಹಿಡಿದ ಬೆಲ್ಲ. ಪ್ರತಿ ಸಲದ ಹಾಗೇ."

ಆ ಕಡೆ ಎಲ್ಲೋ ದೂರದಲ್ಲಿ ಕೋಳಿಯೊಂದು ಕೂಗಿತು.

"ಈ ಸಲ ಕಾಫಿ ಹುರಿಸ್ಲಿಲ್ಲ ಮಗಳೇ," ಅಂದರು ಆಂಟಿ. "ಅಂಕಲ್‌ಗೆ ಹುಷಾರಿರಲಿಲ್ಲ. ಅದರಲ್ಲಿರೋದು ಕರಿಮೆಣಸು."

ನಾನು ಕಟ್ಟೆಯ ಮೇಲಿನ ಪೊಟ್ಟಣ ನೋಡಿದೆ. ಹೊಲಿಗೆ ಹಾಗೇ ಇತ್ತು.

"ನಿನಗೂ ಬರಲ್ವಾ?"

"ಇಲ್ಲ ಆಂಟಿ."

"ಆವಾಗಿಂದಾನಾ?"

"ಹ್ಞೂಂ."

"ಅವಳೂ ಕೊನೇ ವಾರ ಫೋನಲ್ಲಿ ಇದನ್ನೇ ಹೇಳಿದ್ಳು. ಗೋಣಿಚೀಲ, ಹೊಗೆ, ಬೆಲ್ಲ. ಹುಷಾರಾಗಿದ್ದೀನಿ ಮಮ್ಮಿ, ಕಾಫಿ ವಾಸನೆ ಬರ್ತಿದೆ ಅಂತ. ನಾನು ನಂಬಿ ಸುಮ್ಮನಾದೆ." ಮೂಗು ಒರೆಸಿಕೊಂಡದ್ದು ಕೇಳಿಸಿತು. "ಆ ಮಾತು ಇನ್ನು ನನಗೆ ಹೇಳಬೇಡ. ಬಂದರೆ ಬಂತು ಅನ್ನು. ಬರದಿದ್ದರೆ ಇಲ್ಲ ಅನ್ನು."

ಫೋನ್ ಇಟ್ಟ ಮೇಲೆ ಕತ್ತರಿ ತಂದು ಹೊಲಿಗೆ ಬಿಚ್ಚಿದೆ. ಕರಿಮೆಣಸು, ದಪ್ಪ ದಪ್ಪ ಕಾಳು. ಒಂದು ಹಿಡಿ ಕುಟ್ಟಾಣಿಗೆ ಹಾಕಿ ಕುಟ್ಟಿ, ಮೂಗು ಹತ್ತಿರ ತಂದು ಉಸಿರೆಳೆದೆ. ತುಂಬಾ ಹೊತ್ತು ಕಾದೆ. ಆಮೇಲೆ ಆಂಟಿಗೆ ನಾನೇ ಫೋನ್ ಮಾಡಿದೆ.

"ವಾಸನೆ ಬರಲಿಲ್ಲ ಆಂಟಿ," ಅಂದೆ. "ಮೂಗು ಮಾತ್ರ ಉರೀತಿದೆ."